ನಿಧಾನಪ್ಪನೂ ಸಾಹೇಬರ ಫ್ಯಾನೂ

ಪ್ರೊಸೆಸರನ್ನು ಸುಮ್ಮನೆ ಜೋರಾಗಿ ಓಡಿಸಿದರೆ ಕಂಪ್ಯೂಟರ್ ಕರೆಂಟು ತಿಂದು ಬಿಸಿ ಕಾರುತ್ತದೆಯೇ ಹೊರತು ನಿಮ್ಮ ಪತ್ರ ಬೇಗ ಮುಗಿಯುವುದಿಲ್ಲ. ಇಷ್ಟೂ ಗೊತ್ತಿಲ್ಲದವರ ಕಚೇರಿಗಳಲ್ಲೆಲ್ಲ ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬ ನಿಧಾನಪ್ಪ ಇರುತ್ತಾನೆ. ಬೆಳಿಗ್ಗೆ ಬಂದವನೇ, ಮಗುವಿನ ಜ್ವರ ನೋಡುವ ಅಮ್ಮನ ಹಾಗೆ ಒಂದೊಂದು ಯಂತ್ರಕ್ಕೂ ಅಂಗೈ ಇಟ್ಟು, "ಪಾಪ, ಸುಡ್ತಿದೆ" ಎಂದು ವೇಗ ತಗ್ಗಿಸುತ್ತಾನೆ. "ಅಯ್ಯೋ ಪುಣ್ಯಾತ್ಮ, ಇದನ್ನ ಆಮೆ ಮಾಡಿಬಿಟ್ಯಲ್ಲೋ!" ಎಂದು ಟೈಪಿಸ್ಟ್ ಅಕ್ಕ ರೇಗಿದರೆ, "ಅಕ್ಕಾ, ನೀವು ಮುಂದಿನ ಅಕ್ಷರ ಹುಡುಕೋದ್ರಲ್ಲಿ ಅದು ಒಂದು ನಿದ್ದೆ ತೆಗೆದು ಎದ್ದಿರತ್ತೆ" ಎನ್ನುತ್ತಾನೆ. ಸಾಹೇಬರದು ಬೇರೆಯೇ ಕಥೆ. ಕಚೇರಿಯ ಅತಿ ದುಬಾರಿ ಯಂತ್ರದಲ್ಲಿ ಅವರು ಇಸ್ಪೀಟಾಡುತ್ತಾರೆ, ಅದರ ಫ್ಯಾನು ಗುಂಯ್‌ಗುಡದಿದ್ದರೆ ಕೆಲಸವೇ ನಡೆಯುತ್ತಿಲ್ಲವೆಂದು ಕೂಗಾಡುತ್ತಾರೆ. ನಿಧಾನಪ್ಪ ಯಂತ್ರದ ವೇಗವನ್ನು ತಳಕ್ಕಿಳಿಸಿ ಫ್ಯಾನನ್ನು ಮಾತ್ರ ಜೋರು ಮಾಡಿಟ್ಟಿದ್ದಾನೆ. "ಈಗ ನೋಡಯ್ಯ, ಹೇಗೆ ಓಡ್ತಿದೆ!" ಎಂದು ಅವರು ಬೆನ್ನು ತಟ್ಟಿದ್ದೂ ಆಯಿತು. ಆದರೆ ಮೂಲೆಯ ಒಂದು ಯಂತ್ರವನ್ನು ಅವನು ಎಂದೂ ನಿಧಾನ ಮಾಡಿಲ್ಲ. ಅಲ್ಲಿ ಕೂರುವ ಹೆಂಗಸಿಗೆ ಕಣ್ಣು ಕಾಣುವುದಿಲ್ಲ. ಜನರ ದೂರುಗಳನ್ನು ಕಂಪ್ಯೂಟರೇ ಓದಿ ಹೇಳಬೇಕು. ವೇಗ ತಗ್ಗಿದರೆ ಅದರ ದನಿ ತೊದಲುತ್ತದೆ, ಕೆಲಸ ನಿಲ್ಲುತ್ತದೆ. ಇವಳ ಕೈಲಾಗದೆಂದು ಮನೆಗೆ ಕಳಿಸಲು ಸಾಹೇಬರು ಕಾದೇ ಇದ್ದಾರೆ. ಕರೆಂಟು ಹೋದಾಗ ಇಡೀ ಕಚೇರಿಗೆ ಇರುವುದು ಒಂದೇ ಬ್ಯಾಟರಿ. ಮಿಕ್ಕವರ ಯಂತ್ರಗಳು ತಣ್ಣಗಿದ್ದು ಅದನ್ನು ಕಡಿಮೆ ತಿನ್ನುವುದರಿಂದಲೇ ಆ ದನಿ ತಡವರಿಸದೆ ಓದುತ್ತಿರುತ್ತದೆ. "ಏನಣ್ಣ, ಇವತ್ತೂ ಬೈಗುಳ ತಿಂದ್ರಾ?" ಎಂದು ಅವಳು ನಗುತ್ತಾಳೆ. "ಹೊಟ್ಟೆ ತುಂಬ ಕಣಮ್ಮಾ!" ನಾಳೆ ನಿಮ್ಮ ಕಂಪ್ಯೂಟರ್ ಒಂದು ಗಳಿಗೆ ತಡ ಮಾಡಿದರೆ ಅವನ ಮೇಲೆ ಹಾರಿಬೀಳಬೇಡಿ, ಮೊದಲು ಎದ್ದು ಹೋಗಿ, ಆ ಮೂಲೆಯಲ್ಲಿ ನಿಂತು ಕಿವಿಗೊಡಿ.