ದಫೇದಾರಜ್ಜ ಇಳಿಸಿದ ಹಂಚು

ನಮ್ಮಜ್ಜ ಕಡೂರು, ತರೀಕೆರೆ ಠಾಣೆಗಳಲ್ಲಿ ಪೇದೆಯಾಗಿ ಸವೆದು, ದಫೇದಾರನಾಗಿ ಪಿಂಚಣಿ ಪಡೆದು ಅಜ್ಜಂಪುರದಲ್ಲಿ ನೆಲೆ ನಿಂತವನು. ಊರು ಅವನಿಗೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹಿಂದೆ ಪ್ಲೇಗು ಬಂದಾಗ ಅವನನ್ನು ಇದೇ ಊರಿಗೆ ಹಾಕಿದ್ದರು. ಇಲಿ ಸತ್ತು ಬಿದ್ದ ಮನೆಯವರನ್ನು ಊರಾಚೆಯ ಗುಡಿಸಲುಗಳಿಗೆ ಕಳಿಸಿ, ಒಳಗೆ ಬಿಸಿಲು ಬೀಳುವಂತೆ ಹಂಚು ಇಳಿಸಬೇಕೆಂದು ಸರ್ಕಾರದ ಹುಕುಂ. ಹುಕುಂ ಬರೆದ ಸಾಹೇಬರು ಊರೊಳಗೆ ಕಾಲಿಡಲಿಲ್ಲ. ಏಣಿ ಹತ್ತಿದವನು ಅಜ್ಜ, ಬೈಗುಳ ತಿಂದವನೂ ಅವನೇ. ಹೊರಗೆ ಹೋದವರಲ್ಲಿ ಬಹಳ ಮಂದಿ ಬದುಕಿ ಬಂದರು, ಮಕ್ಕಳುಮರಿ ಕಂಡರು. ಆದರೆ ಅವರ ನೆನಪಿನಲ್ಲಿ ಉಳಿದದ್ದು ಇಳಿಸಿದ ಹಂಚು ಮಾತ್ರ.

ಅಜ್ಜ ಪಿಂಚಣಿಯಾಗಿ ಬಂದ ಮೇಲೆ ಒಂದು ವರ್ಷ, ನಾನು ಯಗಟಿ ಕಡೆಯಿಂದ ಕುರಿ ತಂದು ಮಾರುವುದನ್ನು ಹೊಸದಾಗಿ ಶುರು ಮಾಡಿದ್ದೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಯಾರೂ ಹೇಳಿಕೊಡಲಿಲ್ಲ, ಸಂತೆಯಲ್ಲಿ ಏಟು ತಿಂದೇ ಕಲಿತೆ. ಆ ಬೇಸಿಗೆಯ ಕೊನೆಗೆ ಸೋದರತ್ತೆ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಮೊದಲ ಮಳೆಗೇ ಮನೆ ಸೋರಿತು. ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಅಜ್ಜ ಅವತ್ತು ಮಧ್ಯಾಹ್ನವೆಲ್ಲ ತೊಟ್ಟಿಲಿನ ಮೇಲೆ ಕೊಡೆ ಹಿಡಿದು ನಿಂತಿದ್ದ.

"ಸ್ವಲ್ಪ ಕೂತ್ಕೋ ಅಪ್ಪಯ್ಯ" ಎಂದು ಅತ್ತೆ ಗೋಗರೆದಳು.

"ಸುಮ್ನಿರೇ, ಡ್ಯೂಟಿ ಮೇಲಿದೀನಿ" ಅಂದ.

ಹಂಚು ಕೈಯಾಡಿಸಿ ಸೋರಿಕೆ ನಿಲ್ಲಿಸುವುದರಲ್ಲಿ ಊರಿಗೆ ಒಬ್ಬನೇ ಗಟ್ಟಿಗನಿದ್ದ. ಪ್ಲೇಗಿನಲ್ಲಿ ಅವನ ತಾಯಿ ಗುಡಿಸಲಿನಲ್ಲೇ ತೀರಿಕೊಂಡಿದ್ದಳು. ಮನೆ ಬಿಡುವಾಗಲೇ ಅವಳಿಗೆ ಜ್ವರವಿತ್ತು. ಆದರೂ ಸಾವಿಗೆ ಅಜ್ಜನೇ ಕಾರಣನೆಂದು ಅವನ ಹಟ. ಎಷ್ಟು ಕರೆದರೂ ಬರಲಿಲ್ಲ. ಮಿಕ್ಕ ಆಳುಗಳೂ ಅವನಿಗೆ ಹೆದರಿ ಹಿಂದೆ ಸರಿದರು. ಕೊನೆಗೆ ಅಜ್ಜ, ನಾನು ಇಬ್ಬರೂ ಪೇಟೆಗೆ ಹೋದೆವು. ಆ ಹಂಚಿನವನು ಅಂಗಡಿ ಜಗಲಿಯ ಮೇಲೆ ಜನರ ನಡುವೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ.

"ಏನ್ ದಫೇದಾರ್ರೇ, ಈ ಸಲ ಯಾರ ಮನೆ ಹಂಚು ಇಳಿಸೋಕೆ ಬಂದ್ರಿ?" ಎಂದ. ಕೂತವರೆಲ್ಲ ನಕ್ಕರು.

"ಕೂಸು ನೆನೀತದೆ ಕಣಪ್ಪ. ಬಂದು ಸರಿ ಮಾಡ್ಕೊಡು. ಕೂಲಿ ನೀನು ಕೇಳಿದಷ್ಟು" ಎಂದ ಅಜ್ಜ.

ನಾನು ಹಲ್ಲು ಕಚ್ಚಿದೆ. ನೀವಾದರೂ ಕೇಳಿ: ಎದುರಿನವನ ಮುಂದೆ ನಿಮ್ಮ ಅವಸರವನ್ನು ಮೊದಲೇ ಬಿಚ್ಚಿಡಬೇಡಿ.

"ಕೂಲಿ ಬ್ಯಾಡ. ಇಷ್ಟು ಜನರ ಮುಂದೆ ತಪ್ಪಾಯ್ತು ಅನ್ನಿ. ನಾಳೆ ಬತ್ತೀನಿ."

"ಯಾವ ತಪ್ಪು?" ಎಂದು ನಾನು ಕೂಗಿದೆ. "ನಮ್ಮಜ್ಜ ಅವತ್ತು ನಿಮ್ಮನ್ನ ಹೊರಗೆ ಹಾಕಿದ್ದಕ್ಕೇ ನೀನು ಇವತ್ತು ಇಲ್ಲಿ ಕೂತಿರೋದು ಕಣೋ!"

"ಕುರಿ ಮಾರೋನಿಗೆ ಬಾಯಿ ನೋಡ್ರಪ್ಪ!" ಎಂದರು ಯಾರೋ.

ಅಜ್ಜ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ. ಅಮಲ್ದಾರರ ಮುಂದೆಯೂ ತೆಗೆಯದಿದ್ದ ರುಮಾಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು, "ತಪ್ಪಾಯ್ತು" ಅಂದ.

ದಾರಿಯುದ್ದಕ್ಕೂ ಜಗಳವಾಡಿದೆ. "ತರೀಕೆರೆಯಿಂದ ನಾನೇ ಆಳು ತತ್ತಿದ್ದೆ. ಅಷ್ಟು ತಡಕೊಳ್ಳೋಕೆ ಆಗ್ಲಿಲ್ವಾ?"

"ನೀನು ತರೋಗಂಟ ಮಳೆ ಕಾಯ್ಕಂಡಿರ್ತಿತ್ತೇನೋ?"

"ಅದಕ್ಕೆ ಸುಳ್ಳು ಹೇಳೋದಾ? ನೀನು ಮಾಡಿದ್ದು ತಪ್ಪಾ?"

"ಅಲ್ಲ" ಎಂದ ಅಜ್ಜ. "ಅದೇ ಹುಕುಂ ಇವತ್ತು ಬಂದ್ರೆ ಇವತ್ತೂ ಏಣಿ ಹತ್ತೀನಿ. ಈಗ ನಡಿ, ಕೂಸು ಎದ್ದಿರ್ತದೆ."

ಹಂಚಿನವನು ಮಾರನೆಯ ದಿನ ಬಂದ. ಕೆಲಸ ಮಾತ್ರ ಅಚ್ಚುಕಟ್ಟು, ಸುಳ್ಳು ಹೇಳಬಾರದು. ಮಳೆಗಾಲವೆಲ್ಲ ಒಂದು ಹನಿ ಸೋರಲಿಲ್ಲ. ಅಜ್ಜನಿಗೆ ಅಷ್ಟೇ ಸಾಕಾಗಿತ್ತು. ಮೊಮ್ಮಗನನ್ನು ಎದೆಯ ಮೇಲೆ ಮಲಗಿಸಿಕೊಂಡು ನೆಮ್ಮದಿಯಾಗಿ ಗೊರಕೆ ಹೊಡೆದ.

ನನಗೆ ಸಾಕಾಗಲಿಲ್ಲ. ದಫೇದಾರ ತಪ್ಪೊಪ್ಪಿಕೊಂಡನಂತೆ ಎನ್ನುವ ಮಾತು ಅಂತರಘಟ್ಟೆ ದಾಟಿ ಕಡೂರಿನ ಸಂತೆಗೂ ಬಂತು. ಅಜ್ಜ ಹೋದ ಮೇಲೂ ಜನ ಅದನ್ನೇ ಆಡುತ್ತಾರೆ. ಮಾಡದ ತಪ್ಪನ್ನು ಯಾವ ಕಷ್ಟಕ್ಕೂ ಒಪ್ಪಿಕೊಳ್ಳಬೇಡಿ, ಆಡಿದ ಆ ಮಾತನ್ನು ಊರು ವಾಪಸ್ಸು ಕೊಡುವುದಿಲ್ಲ. ಸಂತೆಸಂತೆಯಲ್ಲೂ ನಿಂತು ಕೂಗಿ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತಿದ್ದೇನೆ: ನಮ್ಮಜ್ಜ ತಪ್ಪು ಮಾಡಿರಲಿಲ್ಲ.