ಅಜ್ಜಿ ಸೋತ ಬಿಳಿ ಸಾಸ್

ನಮ್ಮ ಓನರ್ ಅಜ್ಜಿಗೆ ಗಾಬರಿಯಾದರೆ ಮೊದಲು ಗೊತ್ತಾಗುತ್ತಿದ್ದದ್ದು ಅವರ ಮೂಗುಬೊಟ್ಟಿಗೆ. ಎರಡೂ ಕಡೆಯ ಕೆಂಪು ಹರಳುಗಳು ಒಟ್ಟಿಗೆ ಸರ್ರನೆ ಮೇಲೇರುತ್ತಿದ್ದವು. ಹುಬ್ಬು, ಬಾಯಿ, "ಶಿವನೇ!" ಎಲ್ಲ ಆಮೇಲೆ. ರಾಜಾಜಿನಗರದ ಆ ಮನೆಯಲ್ಲಿ ಮೇಲೆ ನಾವು ಬಾಡಿಗೆಗೆ, ಕೆಳಗೆ ಅವರು. ನನ್ನ ಹರಿದ ಜೀನ್ಸ್ ಕಂಡರೆ ಹರಳು ಏರುತ್ತಿತ್ತು. ಕೊತ್ತಂಬರಿ ಸೊಪ್ಪಿನ ಬೆಲೆ ಕೇಳಿದರೆ ಏರುತ್ತಿತ್ತು. ನಾನು ಗೇಟಿನಾಚೆ ನಿಂತು ಟ್ಯಾಂಕರ್‌ನವನ ದನಿಯಲ್ಲಿ "ಅಮ್ಮಾ, ಇವತ್ತು ನೀರಿಲ್ಲಾ" ಎಂದು ಕೂಗಿದರಂತೂ ನೆತ್ತಿಗೇ.

ನಾನು ಮಿಮಿಕ್ರಿಯವನು. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುಗಳ ನಡುವೆ ಜನ ಊಟಕ್ಕೆ ಎದ್ದು ಹೋಗದಂತೆ ತಡೆಯುವುದು ನನ್ನ ಕೆಲಸ. ಎದ್ದು ಹೋಗುತ್ತಾರೆ. ಮೆಟ್ರೊ ಅನೌನ್ಸ್‌ಮೆಂಟಿನಿಂದ ಹಿಡಿದು ಅಪ್ಪನ ಆಕಳಿಕೆವರೆಗೆ ಎಲ್ಲವೂ ನನ್ನ ಗಂಟಲಲ್ಲಿದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ. "ಊರೋರ ದನಿಯೆಲ್ಲ ಆಯ್ತು. ನಿಂದು ಎಲ್ಲೋ?" ಅನ್ನುತ್ತಿದ್ದರು.

ಸೋಮವಾರ ಅವರದು ಒಪ್ಪತ್ತು. ಹಿಂದೆ ತಾತನ ಕೈ ಫ್ಯಾಕ್ಟರಿಯ ಮಿಷನ್ನಿಗೆ ಸಿಕ್ಕಿತ್ತಂತೆ. ಕೈ ಉಳಿದರೆ ಬದುಕಿರುವವರೆಗೂ ಸೋಮವಾರ ಹಿಡಿಯುತ್ತೇನೆ ಎಂದು ಅಜ್ಜಿ ಹರಕೆ ಹೊತ್ತರು. ಕೈ ಉಳಿಯಿತು. ತಾತ ಹೋದ ಮೇಲೂ ಹರಕೆ ಬಿಡಲಿಲ್ಲ. ಮಧ್ಯಾಹ್ನ ಒಂದು ಊಟ, ಸಂಜೆಗೆ ಬೇಯಿಸಿದ ಆಲೂಗಡ್ಡೆ, ಉಪ್ಪು. ಅಷ್ಟೇ.

ಅಂಥದೊಂದು ಸೋಮವಾರ ನಾನು ಮೂಲೆ ಗಾಡಿಯ ಫ್ರೆಂಚ್ ಫ್ರೈಸ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಹರಳು ಏರಿತು.

"ಏನೋ ಅದು, ಕಡ್ಡಿ?"

"ಆಲೂಗಡ್ಡೆ ಅಜ್ಜಿ."

"ಶಿವನೇ! ಇಷ್ಟುದ್ದ ಹೆಂಗಾಯ್ತೋ?"

"ಜಿಮ್‌ಗೆ ಹೋಗತ್ತೆ."

ಒಂದು ತಿಂದರು. ಕಣ್ಣು ಮುಚ್ಚಿದರು. ಮುಂದಿನ ಸೋಮವಾರ ನೋಡಿದರೆ ಅವರೇ ಗಾಡಿಯ ಮುಂದೆ! ಸೆರಗಿನ ಮರೆಯಲ್ಲಿ ಸ್ಟೀಲ್ ಡಬ್ಬಿಗಳು. ಗಾಬರಿಯಾಗುವ ಸರದಿ ನಮ್ಮದಾಯಿತು. ಬಿಸಿ ಫ್ರೈಸ್ ಮೇಲೆ ತುಪ್ಪ ಸುರಿದು, ಅದರ ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರು. ಕೆಚಪ್ಪನ್ನು "ಮಕ್ಕಳ ಕೆಮ್ಮಿನೌಷಧಿ" ಎಂದು ಪಕ್ಕಕ್ಕೆ ತಳ್ಳಿದರು. ಚೀಸು ಅವರ ಬಾಯಲ್ಲಿ "ಗೋಂದು" ಆಯಿತು. ಪೆರಿಪೆರಿ ಎಂಬ ಖಾರದ ಪುಡಿ ಮೂಸಿ ಸೀನಿದರು. ಆದರೆ ಪುಟ್ಟ ಬಟ್ಟಲಿನ ಬಿಳಿ ಸಾಸಿಗೆ ಸೋತುಬಿಟ್ಟರು.

"ಏನು ಗಟ್ಟಿ ಮೊಸರಪ್ಪಾ! ನಮ್ಮ ಹಾಲಿನೋನು ಇವನ ಹತ್ರ ಕಲೀಬೇಕು. ವೆಜ್ಜೇ ತಾನೆ?"

"ಪಕ್ಕಾ ವೆಜ್ಜು ಅಜ್ಜಿ," ಎಂದ ಗಾಡಿ ಅಣ್ಣ.

ಆಮೇಲೆ ಪ್ರತಿ ಸೋಮವಾರವೂ ಅದೇ. ಬಟ್ಟಲು ಖಾಲಿಯಾದರೆ ಬೆರಳಿಂದ ಸವರಿ ನೆಕ್ಕುತ್ತಿದ್ದರು.

ಒಮ್ಮೆ ಮಂಡಿ ನೋವೆಂದು ಪಾರ್ಸೆಲ್ ತರಲು ನನ್ನನ್ನು ಕಳಿಸಿದರು. ಗಾಡಿ ಅಣ್ಣ ಸಾಸಿನ ಹೊಸ ಡಬ್ಬ ತೆರೆಯುತ್ತಿದ್ದ. ವೆಜ್ಜಿನ ಹಸಿರು ಚುಕ್ಕೆ ಇರಬೇಕಾದ ಕಡೆ ನಾನ್‌ವೆಜ್ಜಿನ ಕಂದು ಗುರುತು. ಬಗ್ಗಿ ಓದಿದೆ.

"ಅಣ್ಣಾ, ಇದ್ರಲ್ಲಿ ಮೊಟ್ಟೆ ಇದೆ!"

"ಮಯೋನೀಸ್ ಅಂದ್ಮೇಲೆ ಮೊಟ್ಟೆ ಇರತ್ತೆ ಮಗಾ."

"ಪಕ್ಕಾ ವೆಜ್ಜು ಅಂದ್ರಿ!"

"ಕೋಳಿ ಏನಾದ್ರೂ ಹಾಕಿದೀನಾ?"

ತಾತನ ಕೈಗಾಗಿ ಕೊಟ್ಟ ಮಾತು ಆ ಬಟ್ಟಲಲ್ಲಿ ಮುಳುಗಿ ಕೂತಿತ್ತು. ಹೇಳದಿದ್ದರೆ ಅಜ್ಜಿಗೆ ಎಂದೂ ಗೊತ್ತಾಗುವುದಿಲ್ಲ. ಹೇಳಿದರೆ ಅವರು ತಡೆದುಕೊಳ್ಳುತ್ತಾರೋ ಇಲ್ಲವೋ. ಗೇಟು ಬರುವಷ್ಟರಲ್ಲಿ ಒಂದು ಹೇಡಿ ಉಪಾಯ ಹೊಳೆಯಿತು. ಗಾಡಿ ಅಣ್ಣನ ದನಿಯಲ್ಲಿ ತಮಾಷೆಯಾಗಿ ಹೇಳಿಬಿಡುವುದು.

"ಅಜ್ಜೀ, ನಮ್ ಸಾಸಲ್ಲಿ..."

"ಮುಖ ಸುಣ್ಣ ಆಗಿದೆ. ನಿನ್ನ ದನೀಲಿ ಹೇಳು."

ನನ್ನ ದನಿಗಾಗಿ ಹುಡುಕಾಡಿದೆ. ಸಿಕ್ಕಿದ್ದು ಸಣ್ಣದು, ಕೀರಲು. "ಅದು ಮೊಸರಲ್ಲ ಅಜ್ಜಿ. ಮೊಟ್ಟೆ ಇದೆ ಅದ್ರಲ್ಲಿ."

ಹರಳು ಏರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಎದ್ದು ಒಳಗೆ ಹೋದರು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. ಕೊನೆಗೆ ಒದ್ದೆ ಕೂದಲಲ್ಲಿ, ಹಣೆಯ ತುಂಬ ವಿಭೂತಿ ಬಳಿದುಕೊಂಡು ಬಂದು ತಾತನ ಫೋಟೊದ ಕೆಳಗೆ ಕೂತರು.

"ಇವರ ಕೈ ಉಳಿಸಿದೋನು ನನ್ನ ನಾಲಗೆ ಮೇಲೆ ಮುನಿಸ್ಕೋತಾನಾ? ತಿಳೀದೆ ತಿಂದೆ. ತಿಳಿದು ತಿನ್ನಲ್ಲ. ಆಯ್ತಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇದೇನೋ ನಿನ್ನ ದನಿ? ಅಷ್ಟೇನೂ ಕೆಟ್ಟದಾಗಿಲ್ಲ. ಇಟ್ಕೋ," ಎಂದರು. ಫೋಟೊದಲ್ಲಿರುವ ತಾತನಿಗೆ ಕೇಳಿಸದಷ್ಟು ಮೆಲ್ಲಗೆ ಮತ್ತೂ ಒಂದು ಮಾತು ಹೇಳಿದರು. "ಆ ಹಾಳು ಸಾಸೂ ಚೆನ್ನಾಗಿತ್ತು ಕಣೋ."

ಅಲ್ಲಿಂದ ಮುಂದೆ ಬರೀ ತುಪ್ಪ, ಹುಚ್ಚೆಳ್ಳು ಪುಡಿ.

ಹೋದ ವರ್ಷ ಒಂದು ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿ ಬಿದ್ದಿರಲಿಲ್ಲ. ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಹನ್ನೊಂದನೇ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಎಲೆಯ ಮೇಲೆ ಎಡೆ ಇಟ್ಟರು. ಹೋಳಿಗೆ, ಕಡುಬು, ನಿಪ್ಪಟ್ಟು. ನಾನು ಪೊಟ್ಟಣ ಬಿಚ್ಚಿ ಫ್ರೈಸ್ ಸುರಿದೆ. ತುಪ್ಪ ಹಾಕಿ, ಪುಡಿ ಉದುರಿಸಿದೆ. ನೆಂಟರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಪಕ್ಕದಲ್ಲಿ ಪುಟ್ಟ ಬಟ್ಟಲು ಇಟ್ಟೆ. ಅದರ ತುಂಬ ಬಿಳಿ ಸಾಸ್.

"ಏನೋ ಅದು?" ಎಂದರು ಕೆಂಗೇರಿಯಿಂದ ಬಂದಿದ್ದ ಅಜ್ಜಿಯ ಮಗಳು. ಅವರ ಮೂಗುಬೊಟ್ಟು ಸರ್ರನೆ ಮೇಲೇರಿತು, ಥೇಟ್ ಅಜ್ಜಿಯದೇ!

ಯಾರ ದನಿಯೂ ನೆನಪಾಗಲಿಲ್ಲ. ನನ್ನದರಲ್ಲೇ ಹೇಳಿದೆ:

"ಮೊಟ್ಟೆ ಇಲ್ಲದ್ದು ಆಂಟಿ. ಹಸಿರು ಚುಕ್ಕೆ ನೋಡೇ ತಂದಿದೀನಿ."