ಎರಡು ಪುಟ ಹಾರಿದ ಪ್ರೇಮಕಥೆ

ನಮ್ಮ ಅತ್ತೆಗೆ ಆ ಕಾದಂಬರಿಯ ಮೇಲೆ ಇದ್ದ ಸಿಟ್ಟು ಎಂಥದ್ದೆಂದರೆ, ಬರೆದವರು ಎದುರಿಗೆ ಸಿಕ್ಕಿದ್ದರೆ ಕಿವಿ ಹಿಂಡದೆ ಬಿಡುತ್ತಿರಲಿಲ್ಲ. ಒಂದು ಭಾನುವಾರ ಬೆಳಗಿನಿಂದ ಒಗೆದ ಬಟ್ಟೆ ಮಡಿಸುತ್ತಾ ಬೈದಳು. ಪುಸ್ತಕವನ್ನು ಬೈಯುತ್ತಿದ್ದಾಳೆ ಎಂದೇ ನಾನು ತಿಳಿದೆ. ನನಗೆ ಇಪ್ಪತ್ತೆಂಟು ವರ್ಷ, ಹುಟ್ಟಿದಂದಿನಿಂದ ಅವಳ ಕೋಣೆಯಲ್ಲೇ ಮಲಗಿ ಬೆಳೆದವಳು. ಆದರೂ ಅಷ್ಟು ದಡ್ಡಿ ನಾನು.

ಅತ್ತೆ ಎಂದರೆ ಅಪ್ಪನ ತಂಗಿ. ಐವತ್ತೊಂದು ವರ್ಷ. ಮದುವೆ ಬೇಡ ಎಂದಳು, ಯಾಕೆಂದು ಹೇಳಲಿಲ್ಲ, ಕೇಳಿ ಕೇಳಿ ಮನೆಯವರಿಗೇ ಸಾಕಾಯಿತು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಗ್ರಂಥಾಲಯದಲ್ಲಿ ಅವಳಿಗೆ ಕೆಲಸ. ಅಲ್ಲಿ ಓದುವವರು ಬೇರೆ, ಕೇಳುವವರು ಬೇರೆ. ಓದುವವಳು ಗಾಜಿನ ಆಚೆಯ ಪುಟ್ಟ ಕೋಣೆಯಲ್ಲಿ ಮೈಕಿನ ಮುಂದೆ ಕೂರುತ್ತಾಳೆ. ಈಚೆ ಅತ್ತೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಅದೇ ಪುಸ್ತಕದ ಇನ್ನೊಂದು ಪ್ರತಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹಿಂಬಾಲಿಸಬೇಕು. ಒಂದು ಪದ ತಪ್ಪಿದರೂ ಗುಂಡಿ ಒತ್ತಬೇಕು. ಒತ್ತಿದರೆ ಆಚೆ ಕೆಂಪು ದೀಪ ಹತ್ತುತ್ತದೆ, ಓದುವವಳು ವಾಕ್ಯದ ಮೊದಲಿಗೆ ಹಿಂತಿರುಗುತ್ತಾಳೆ. ಹದಿನಾರು ವರ್ಷದಲ್ಲಿ ಅತ್ತೆಯನ್ನು ದಾಟಿ ಒಂದು ತಪ್ಪೂ ಹೊರಗೆ ಹೋಗಿರಲಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಜರಡಿ ಎಂದು ಕರೆಯುತ್ತಿದ್ದರು.

ಗಾಜಿನ ಆಚೆ ಓದುತ್ತಿದ್ದವಳಿಗೂ ಅಡ್ಡಹೆಸರೇ ಗಟ್ಟಿಯಾಗಿತ್ತು: ಓದಮ್ಮ. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವಳು. ಒಬ್ಬಳೇ ಮಗಳು, ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅತ್ತೆಗೂ ಓದಮ್ಮನಿಗೂ ಎಣ್ಣೆ ಸೀಗೆಕಾಯಿ. ಅತ್ತೆ ಕರವಸ್ತ್ರವನ್ನೂ ಅಂಚಿಗೆ ಅಂಚು ಕೂಡಿಸಿ ಮಡಿಸುವವಳು, ಓದಮ್ಮ ವಾರಕ್ಕೊಮ್ಮೆ ಮನೆಯ ಬೀಗದ ಕೈ ಕಳೆದುಕೊಳ್ಳುವವಳು. ಅತ್ತೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಓದಮ್ಮನಿಗೆ ಓದುವುದು ಬಿಡುವು, ಉಳಿದ ಹೊತ್ತೆಲ್ಲ ಮಾತು. ಕತೆಯಲ್ಲಿ ಯಾರಾದರೂ ಸತ್ತರೆ ಅವಳ ಗಂಟಲು ಕಟ್ಟುತ್ತಿತ್ತು, ಇಡೀ ಪುಟ ಮತ್ತೆ ಓದಿಸಬೇಕಾಗುತ್ತಿತ್ತು.

ಧ್ವನಿಮುದ್ರಣದ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲ, ಅದರ ಸದ್ದೂ ಮೈಕಿಗೆ ಸಿಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ದಪ್ಪ ಬಾಗಿಲು ತೆಗೆದು ಗಾಳಿ ಬಿಡಬೇಕು. ಹೊಟ್ಟೆ ಗುರ್ ಎಂದರೆ ಅದೂ ಕೇಳಿಸುತ್ತದೆ. ಓದಮ್ಮ ಬೆಳಿಗ್ಗೆ ಏನೂ ತಿನ್ನದೆ ಓಡಿ ಬರುವವಳಾದ್ದರಿಂದ ಅತ್ತೆಯ ಮೇಜಿನ ಖಾನೆಯಲ್ಲಿ ಯಾವಾಗಲೂ ಕಾಗದದಲ್ಲಿ ಸುತ್ತಿದ ಎರಡು ಬಿಸ್ಕತ್ತು ಇರುತ್ತಿದ್ದವು.

"ನಿನ್ನ ಹೊಟ್ಟೆಪಾಡಿಗೆ ನನ್ನ ಹೊಟ್ಟೆ ತುಂಬಿಸ್ತೀಯಲ್ಲೇ!" ಎಂದು ಓದಮ್ಮ ನಗುತ್ತಿದ್ದಳಂತೆ. ಅತ್ತೆ ಖಾನೆ ಮುಚ್ಚಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಅವಳದು ಯಾವಾಗಲೂ ಹಾಗೇ.

ನೇರವಾಗಿ ಹೇಳಿಬಿಡುತ್ತೇನೆ. ಆ ಭಾನುವಾರ ಅತ್ತೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿದ್ದು ನನಗೆ ಅರ್ಥವಾಗಲು ಎರಡು ವಾರ ಬೇಕಾಯಿತು. ಅತ್ತೆಗೆ ಓದಮ್ಮನ ಮೇಲೆ ಪ್ರೀತಿ. ಸ್ನೇಹ, ಸಲುಗೆ ಎಂದೆಲ್ಲ ಸುತ್ತಿ ಬಳಸುವುದು ಬೇಡ. ಪ್ರೀತಿಯೇ. ಹದಿನಾರು ವರ್ಷದಿಂದ ಆ ದನಿಯನ್ನು ಎರಡೂ ಕಿವಿಯಲ್ಲಿ ತುಂಬಿಕೊಂಡು ಮನೆಗೆ ಬಂದು ನಮ್ಮ ಜೊತೆ ಅನ್ನ ಉಂಡು ಮಲಗುತ್ತಿದ್ದಳು. ನಾವ್ಯಾರೂ ಏನೂ ಕಂಡಿರಲಿಲ್ಲ. 'ನಮ್ಮ ನಾದಿನಿಯ ಬಾಯಿ ತೆಗೆಸೋಕೆ ದಂತವೈದ್ಯರೇ ಬೇಕು' ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು, ನಾವು ನಗುತ್ತಿದ್ದೆವು.

ಈ ವರ್ಷ ಗ್ರಂಥಾಲಯದವರು ಓದುವ ಯಂತ್ರ ತರಿಸಿದರು. ಪುಟದ ಚಿತ್ರ ತೋರಿಸಿದರೆ ಸಾಕು, ಅದೇ ಓದುತ್ತದೆ. ಫ್ಯಾನೂ ಹಾಕಬಹುದು, ಬಿಸ್ಕತ್ತೂ ಬೇಡ. ಓದುವವರಿಗೆಲ್ಲ ತಿಂಗಳ ಕೊನೆಗೆ ರಜೆ ಎಂದರು, ಆ ರಜೆ ಮುಗಿಯುವ ರಜೆಯಲ್ಲ. ಯಂತ್ರ ತಪ್ಪಿದರೆ ಗುರುತು ಹಾಕಲು ಅತ್ತೆ ಉಳಿದುಕೊಂಡಳು. ಓದಮ್ಮ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಯಿತು.

ಓದಮ್ಮನ ಕೊನೆಯ ಪುಸ್ತಕವಾಗಿ ಬಂದದ್ದು ಆ ಕಾದಂಬರಿ. ಕೇಳುಗರೊಬ್ಬರು ಫೋನ್ ಮಾಡಿ ಬೇಕೆಂದು ಕೇಳಿದ್ದರಂತೆ. ಓದಮ್ಮ ಹಿಂಬದಿಯ ರಟ್ಟು ಓದಿ ಹುಬ್ಬೇರಿಸಿದಳು.

"ಎರಡು ಹೆಂಗಸರ ಪ್ರೇಮಕಥೆಯಂತೆ ಕಣೇ! ಒಬ್ಬಳು ಬೆಂಕಿ, ಒಬ್ಬಳು ನೀರು ಅಂತ ಬರೆದಿದ್ದಾರೆ. ಬೆಂಕಿ ನೀರು ಸೇರಿದ್ರೆ ಬರೀ ಹೊಗೆ ಬರುತ್ತೆ, ಪ್ರೇಮ ಹೇಗೆ ಬರುತ್ತೆ ನೋಡೋಣ ಬಾ."

ಯಾವ ಪುಸ್ತಕವಾದರೂ ಧ್ವನಿಮುದ್ರಣಕ್ಕೆ ಮೊದಲು ಅತ್ತೆ ಮನೆಗೆ ತಂದು ಪೂರ್ತಿ ಓದಿ, ಕಷ್ಟದ ಪದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡುವುದು ಪದ್ಧತಿ. ಈ ಪುಸ್ತಕವನ್ನು ತರಲಿಲ್ಲ. ಅದರಲ್ಲಿರುವುದನ್ನು ಮೊದಲ ಸಲ ಓದಮ್ಮನ ಬಾಯಿಂದಲೇ ಕೇಳಬೇಕು ಎಂಬ ಆಸೆ. ತನ್ನಿಂದಾಗದ ಮಾತನ್ನು ಪುಸ್ತಕ ಹೇಳುತ್ತದೆ, ಹೇಳಿದ ಬಾಯಿಗೆ ಅದು ತಟ್ಟದೆ ಇರುತ್ತದೆಯೇ, ಬಾಗಿಲು ತೆಗೆದಾಗ ತಾನೂ ಒಂದು ಮಾತು ಸೇರಿಸಬಹುದು ಎಂದು ಲೆಕ್ಕ ಹಾಕಿದ್ದಳು. ಐವತ್ತೊಂದರ ಹೆಂಗಸು, ಮನಸ್ಸಿನಲ್ಲೇ ಮಂಡಿಗೆ ತಿಂದಳು.

ಮೊದಲ ಎರಡು ಅಧ್ಯಾಯ ಚೆನ್ನಾಗಿದ್ದವಂತೆ. ಮಾತು ಕಡಿಮೆಯ ಹೆಂಗಸು ಇನ್ನೊಬ್ಬಳು ಮೆಟ್ಟಿಲು ಹತ್ತುವ ಸದ್ದು ಕೇಳಿದೊಡನೆ ಕುರ್ಚಿ ಸರಿಮಾಡಿಕೊಂಡು ಕೂರುವ ಒಂದು ಸಾಲಿತ್ತು. ಅತ್ತೆಯ ಬೆರಳು ಆ ಸಾಲಿನ ಮೇಲೆಯೇ ನಿಂತುಬಿಟ್ಟಿತು. ಆಮೇಲೆ ಕತೆ ಹಳ್ಳ ಹಿಡಿಯಿತು. ಒಬ್ಬಳು ಗಿಡ ಮಾರುವವಳು, ಇನ್ನೊಬ್ಬಳು ಆ ಜಾಗ ಖಾಲಿ ಮಾಡಿಸಲು ಬಂದ ವಕೀಲೆ. ಹತ್ತು ಅಧ್ಯಾಯ ಹಾವು ಮುಂಗುಸಿಯ ಹಾಗೆ ಕಚ್ಚಾಡಿ, ಕೆಟ್ಟು ನಿಂತ ಲಿಫ್ಟಿನಲ್ಲಿ ಅರ್ಧ ಗಂಟೆ ಕಳೆದು ಹೊರಗೆ ಬರುವಾಗ ಕೈಕೈ ಹಿಡಿದುಕೊಂಡಿರುತ್ತಾರೆ. ಜಗಳವಾಡಬೇಕಾಗಿದ್ದ ವಕೀಲೆಯ ತಾಯಿ ಒಂದೇ ಪ್ಯಾರಾದಲ್ಲಿ ಚಹಾ ಮಾಡಿ ತರುತ್ತಾಳೆ.

ಹನ್ನೆರಡನೆಯ ಅಧ್ಯಾಯದ ದಿನ ಅತ್ತೆ ಕಣ್ಣು ಮುಚ್ಚಿಕೊಂಡಳು. ಕಣ್ಣು ಪುಟದ ಮೇಲಿರಬೇಕಾದ ಕೆಲಸ ಅದು. ಆದರೆ ಆ ದನಿ ಇನ್ನು ನಾಲ್ಕೇ ದಿನ ಎಂಬುದು ತಲೆಯಲ್ಲಿ ಕೂತಿತ್ತು, ಅಧ್ಯಾಯ ಮುಗಿಯುವವರೆಗೂ ಮೈಯೆಲ್ಲ ಕಿವಿಯಾಗಿ ಕೂತಳು. ಅದೇ ಹೊತ್ತಿಗೆ ಓದಮ್ಮ ಎರಡು ಹಾಳೆ ಒಟ್ಟಿಗೆ ಮಗುಚಿದಳು. ಎರಡು ಪುಟ ಹಾರಿಹೋದವು. ಓದಿದವಳಿಗೂ ಗೊತ್ತಾಗಲಿಲ್ಲ, ಕೇಳಿದವಳಿಗೂ ಗೊತ್ತಾಗಲಿಲ್ಲ, ಏಕೆಂದರೆ ಆ ಕತೆ ಮೊದಲಿನಿಂದಲೂ ಹಾಗೇ ಹಾರಿಕೊಂಡೇ ಬಂದಿತ್ತು.

ಶನಿವಾರ ಪುಸ್ತಕವನ್ನು ಮನೆಗೆ ತಂದು ಓದಿದಾಗಲೇ ಅತ್ತೆಗೆ ತಿಳಿದದ್ದು, ತಾನು ಕಾದು ಕೂತಿದ್ದ ಮಾತು ಆ ಎರಡು ಪುಟದಲ್ಲೇ ಇತ್ತೆಂದು. ಮರುದಿನವೇ ಆ ಬಟ್ಟೆ ಮಡಿಸುವ ಭಾನುವಾರ.

"ಮಾತೇ ಆಡದ ಹೆಂಗಸು ಅಂತ ಹೇಳಿ ಒಂದೂವರೆ ಪುಟ ಭಾಷಣ ಮಾಡಿಸಿದ್ದಾರೆ!" ಎಂದಳು, ದಿಂಬಿನ ಚೀಲವನ್ನು ಕೊಡವಿ. "ಒಂದು ಕಡೆ ತೊದಲಲ್ಲ, ಗಂಟಲು ಒಣಗಲ್ಲ. ಅದಕ್ಕೆ ಆ ಇನ್ನೊಬ್ಬಳು ಏನಂತಾಳೆ ಗೊತ್ತಾ? ನನಗೆ ಮೊದಲೇ ಗೊತ್ತಿತ್ತು, ಅಂತಾಳೆ. ಗೊತ್ತಿತ್ತಂತೆ!"

"ಗೊತ್ತಿದ್ರೆ ಏನೀಗ? ಸುಖಾಂತ ಆಯ್ತಲ್ಲ," ಎಂದೆ ನಾನು.

"ಗೊತ್ತಿದ್ರೆ ಕತೆ ಯಾಕೆ ಬೇಕು? ಒಬ್ಬಳು ಬೇಗ ಊಟ ಮಾಡ್ತಾಳೆ, ಒಬ್ಬಳು ನಿಧಾನ. ಅದು ವಿರುದ್ಧ ಅಲ್ಲ, ಎರಡು ದಿನದ ಜಗಳ. ಒಬ್ಬಳಿಗೆ ಹಗಲೂ ರಾತ್ರಿ ಅದೇ, ಇನ್ನೊಬ್ಬಳಿಗೆ ಅದು ಕನಸಲ್ಲೂ ಇಲ್ಲ. ಅದು ಕಣೇ ವಿರುದ್ಧ. ಅದನ್ನ ಬರೆಯೋಕೆ ಇವರಿಗೆ ಧೈರ್ಯ ಇಲ್ಲ."

ಹೇಳುತ್ತಾ ಅವಳ ದನಿ ನಡುಗಿತು. ಬಿಸಿಲಿಗೆ ಬಳಲಿದ್ದಾಳೆ ಎಂದುಕೊಂಡು ಎದ್ದು ನೀರು ತಂದುಕೊಟ್ಟೆ. ಔಷಧದಂಗಡಿಯಲ್ಲಿ ಕೆಲಸ ಮಾಡುವ ನನ್ನ ಬುದ್ಧಿ ಅಷ್ಟೇ.

ಇಷ್ಟೆಲ್ಲ ಬೈದರೂ ಆ ಸುಳ್ಳು ಮಾತು ಅವಳನ್ನು ಬಿಡಲಿಲ್ಲ. ಮೊದಲೇ ಗೊತ್ತಿತ್ತು. ಓದಮ್ಮನಿಗೂ ಗೊತ್ತಿದ್ದರೆ? ಗೊತ್ತಿದ್ದೇ ನಗುತ್ತಾ ಬಂದಿದ್ದರೆ? ಕೆಟ್ಟ ಪುಸ್ತಕ ಎಂದು ತಾನೇ ತೀರ್ಪು ಕೊಟ್ಟ ಪುಸ್ತಕದ ಬಾಲ ಹಿಡಿದುಕೊಂಡು ಅತ್ತೆ ಸೋಮವಾರ ಕೆಲಸಕ್ಕೆ ಹೋದಳು. ಮೇಲ್ವಿಚಾರಕರ ಮುಂದೆ ತಪ್ಪು ತನ್ನದೇ ಎಂದು ಒಪ್ಪಿಕೊಂಡಳು, ಹಾರಿಹೋದ ಎರಡು ಪುಟ ಓದಿಸಲು ಓದಮ್ಮನ ಕೊನೆಯ ದಿನವನ್ನೇ ಕೇಳಿ ಪಡೆದಳು.

ಆ ದಿನ ಓದಮ್ಮ ತುಂಬ ಚೆನ್ನಾಗಿ ಓದಿದಳಂತೆ. ಭಾಷಣದಂಥ ಮಾತೂ ಅವಳ ಬಾಯಲ್ಲಿ ಮೆತ್ತಗಾಯಿತು. 'ನನಗೆ ಮೊದಲೇ ಗೊತ್ತಿತ್ತು' ಎಂಬಲ್ಲಿ ಒಂದು ಕ್ಷಣ ನಿಂತು, ದನಿ ಇಳಿಸಿ ಓದಿದಳು. ಅತ್ತೆಯ ಎರಡೂ ಕಿವಿಯಲ್ಲಿ ಅದೊಂದೇ ಇತ್ತು. ಓದಿ ಮುಗಿದ ಮೇಲೆ ಬಾಗಿಲು ತೆಗೆದರು, ಓದಮ್ಮ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಈಚೆ ಬಂದಳು.

"ಅದು ಸುಳ್ಳು ಅನ್ಸುತ್ತೆ," ಎಂದಳು ಅತ್ತೆ. ತಾನಾಗಿ ಮಾತು ತೆಗೆದದ್ದು ಅದೇ ಮೊದಲಿರಬೇಕು. "ಹೇಳದೇ ಇದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

"ಗೊತ್ತಾಗದೆ ಏನೇ? ನನಗೆ ಈ ಪುಸ್ತಕ ಬಹಳ ಹಿಡಿಸಿತಪ್ಪ. ಪಕ್ಕದಲ್ಲೇ ಇರೋರ ಮನಸ್ಸು ತಿಳಿಯಲ್ವಾ? ಈಗ ನಮ್ಮನ್ನೇ ತಗೋ, ಹದಿನಾರು ವರ್ಷ ಎದುರುಬದುರು ಕೂತಿದ್ದೀವಿ. ನಿನ್ನ ಮನಸ್ಸಲ್ಲಿ ಇಂಥದ್ದೇನಾದ್ರೂ ಇದ್ದಿದ್ರೆ ನನಗೆ ಒಂದೇ ದಿನಕ್ಕೆ ಗೊತ್ತಾಗ್ತಿತ್ತು. ಆ ಗಾಜಿಗಿಂತ ಸ್ವಚ್ಛ ಕಣೇ ನೀನು." ಹೇಳಿ ಅತ್ತೆಯ ಬೆನ್ನು ತಟ್ಟಿ ಜೋರಾಗಿ ನಕ್ಕಳು.

ಅತ್ತೆ ಖಾನೆ ತೆಗೆದು ಬಿಸ್ಕತ್ತು ಕೊಟ್ಟಳು. ಆಮೇಲೆ, ಒಂದು ಕಡೆ ಕುರ್ಚಿ ಕಿರ್ ಎಂದಿದೆ, ಆ ಎರಡನೆಯ ಪುಟ ಇನ್ನೊಂದು ಸಲ ಓದಬೇಕು ಎಂದಳು. ಕುರ್ಚಿ ಸದ್ದೇ ಮಾಡಿರಲಿಲ್ಲ. ಓದಮ್ಮ ಗೊಣಗದೆ ಒಳಗೆ ಹೋಗಿ ಮತ್ತೆ ಓದಿದಳು. ಸಂಜೆ ಮಗಳು ಅಳಿಯ ಬಂದು ಕರೆದುಕೊಂಡು ಹೋದರು.

ಇದನ್ನೆಲ್ಲ ಅತ್ತೆ ನನಗೆ ಹೇಳಿದ್ದು ಕಳೆದ ವಾರ, ಪೂರ್ತಿಯಾಗಿ, ಹೊಲಿಗೆ ಬಿಚ್ಚುವವರ ಹಾಗೆ ಒಂದೊಂದೇ ಎಳೆ. ಓದಮ್ಮ ಆ ಬೆಳಿಗ್ಗೆ ಫೋನ್ ಮಾಡಿ, ಅದೇ ಬರಹಗಾರರ ಇನ್ನೊಂದು ಪುಸ್ತಕ ಇದ್ದರೆ ಕಳಿಸು ಎಂದು ಕೇಳಿದ್ದಳು. ಅತ್ತೆ ಎರಡು ಅಂಗಡಿ ಅಲೆದು ತಂದಿದ್ದಳು, ಅದಕ್ಕೆ ಕಾಗದ ಸುತ್ತುತ್ತಾ ಕೂತಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು.

"ಈ ಪೊಟ್ಟಣದಲ್ಲಿ ಒಂದು ಚೀಟಿ ಬರೆದಿಡು ಅತ್ತೆ. ಎರಡೇ ಸಾಲು ಸಾಕು. ನಿನ್ನಿಂದ ಆಗದಿದ್ರೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಬೇಡ," ಎಂದಳು. ಕಾಗದದ ಅಂಚಿಗೆ ಅಂಚು ಕೂಡಿಸುತ್ತಿದ್ದ ಕೈ ನಿಲ್ಲಲಿಲ್ಲ. "ಈಗ ಹೇಳಿದ್ರೆ ಅವಳು ಹದಿನಾರು ವರ್ಷ ಹಿಂದಕ್ಕೆ ಹೋಗಿ, ನಾನು ಆಡಿದ ಒಂದೊಂದು ಮಾತನ್ನೂ ಮತ್ತೆ ಕೇಳಬೇಕಾಗುತ್ತೆ. ಕೇಳ್ತಾ ಕೇಳ್ತಾ ಅವಳು ನಕ್ಕಿದ್ದೆಲ್ಲ ಅವಳಿಗೇ ಕಹಿ ಆಗುತ್ತೆ. ನನ್ನ ಹತ್ರ ಇರೋದು ಆ ನಗು ಒಂದೇ ಕಣೇ. ಅದನ್ನೂ ಯಾಕೆ ಕಳ್ಕೊಳ್ಳಲಿ?"

ಅವಳು ದಾರ ಕೇಳಿದಳು, ಕೊಟ್ಟೆ.